ಬೀಗರನ್ನು ಕೇಳದ ಪ್ರಶ್ನೆ

ಸಿಂಗಾನಲ್ಲೂರಿನಲ್ಲಿರುವ ಅಪ್ಪನ ಸೊಂಟನೋವು ಇಳಿಯಲಿಲ್ಲವಲ್ಲ ಎಂಬ ಚಿಂತೆ, ಮಗುವಿಗೆ ತುತ್ತು ಕೊಡುವಾಗಲೂ ಧರಣಿಯನ್ನು ಬಿಡದು. ಅವಿನಾಶಿಯ ನೇಕಾರರಾದ ಅವಳ ಮಾವ ಚೆನ್ನಕೇಶವನ್ ಅವರದು ಬೇರೆಯೇ ಚಿಂತೆ. ಲೋಕವೆಲ್ಲ ಊಟವಾಯಿತೇ ಎಂದು ಕೇಳಿದರೆ ಈ ಮನುಷ್ಯ ಕಂಡ ಗಂಡಸರನ್ನೆಲ್ಲ ಕೇಳುವುದು, "ಏನ್ ಮಾಪ್ಳೆ, ಒಂದಕ್ಕೆ ಸಲೀಸಾ ಹೋಗ್ತೈತಾ?" ಟೀ ಅಂಗಡಿಯಲ್ಲೂ ಅದೇ, ಬಸ್ಸಿನಲ್ಲೂ ಅದೇ, ತಾಳಿ ಕಟ್ಟುವ ಹೊತ್ತಿಗೆ ಮದುಮಗನ ತಂದೆಯ ಕಿವಿಯಲ್ಲೂ ಅದೇ. "ಮಾನ ಹೋಗ್ತೈತೆ, ಸುಮ್ನಿರಿ!" ಎಂದು ಅತ್ತೆ ರಾಮಾಯಿ ಪಂಚೆ ಜಗ್ಗಿದರೆ, "ಮಾನ ಹೋದ್ರೆ ಬರ್ತೈತೆ, ಮನುಷ್ಯ ಹೋದ್ರೆ ಬರ್ತಾನಾ?" ಎನ್ನುತ್ತ ಊಟದೆಲೆಯ ಮೇಲಿನ ನೆಲ್ಲಿಕಾಯಿ ಎತ್ತಿ ಹಿಡಿಯುತ್ತಾರೆ: "ಪ್ರಾಸ್ಟೇಟ್ ಇಷ್ಟೇ ಇರ್ತೈತೆ, ಮೂತ್ರಚೀಲದ ಕೆಳಗೆ. ಅದ್ರಾಗೆ ಕ್ಯಾನ್ಸರ್ ಬಂದ್ರೆ ಮೊದ್ಲು ಸದ್ದೇ ಮಾಡಲ್ಲ. ಐವತ್ತಾದ್ಮೇಲೆ ಡಾಕ್ಟ್ರನ್ನ ಕೇಳಿ ರಕ್ತ ಪರೀಕ್ಷೆ ಮಾಡ್ಸಪ್ಪಾ." ಪಂಕ್ತಿಯಲ್ಲಿ ನಕ್ಕ ಗಂಡಸರೇ ಕೈತೊಳೆಯುವಲ್ಲಿ ಒಬ್ಬೊಬ್ಬರಾಗಿ ಅವರ ಕಿವಿ ಹುಡುಕಿ ಬರುವುದನ್ನು ಕಂಡು ಧರಣಿ ಬೆರಗಾಗುತ್ತಾಳೆ. ಬೀಗರನ್ನು, ಅಂದರೆ ಧರಣಿಯ ಅಪ್ಪನನ್ನು, ಮಾತ್ರ ಕೇಳಕೂಡದೆಂದು ರಾಮಾಯಿ ಆಣೆ ಹಾಕಿಸಿದ್ದಾರೆ. ಮಾವನಿಗೆ ಈ ಧೈರ್ಯ ಎಲ್ಲಿಂದ ಬಂತೆಂದು ಇವತ್ತು ಕೇಳಿದಾಗ ಅತ್ತೆಯ ದನಿ ಇಳಿಯಿತು: "ಅವರಣ್ಣನಿಗೆ ಬೆನ್ನುನೋವು ಬಂದಾಗ ಗುಂಡಿಮಗ್ಗದಾಗೆ ಕೂತ ನೋವು ಅಂದ್ಕೊಂಡ್ವಿ ಕಣಮ್ಮಾ. ದಿನಾ ಎಣ್ಣೆ ತಿಕ್ಕಿದ್ದು ಇವರೇ. ಅಷ್ಟೊತ್ಗೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗಿಳಿದಿತ್ತು." ಅಪ್ಪನೂ ಗುಂಡಿಮಗ್ಗದಲ್ಲೇ ಕೂತು ಬೆನ್ನು ಸವೆಸಿದವರು, ಅವರ ನೋವಿಗೂ ಮನೆಯಲ್ಲಿ ಎಣ್ಣೆಯನ್ನೇ ತಿಕ್ಕುತ್ತಿದ್ದಾರೆ. ಧರಣಿ ಫೋನ್ ಎತ್ತಿಕೊಂಡಳು. "ಅಪ್ಪಾ," ಎಂದಳು, ಕಿವಿಯೆಲ್ಲ ಬಿಸಿಯಾಗಿತ್ತು, "ಒಂದಕ್ಕೆ ಸಲೀಸಾ ಹೋಗ್ತೈತಾ?"