ತಳದ ಹೊತ್ತು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕುಮಟೆಯ ಕಟ್ಟಿಗೆ ಡಿಪೋ ಬಿಟ್ಟು, ಮುಳುಗಿದ ಹಡಗಿನ ಸಾಮಾನು ಎತ್ತುವ ಗುತ್ತಿಗೆದಾರರೊಬ್ಬರ ಬಳಿ ಗುಮಾಸ್ತನಾಗಿ ಸೇರಿದೆ. ಹಡಗು ಮುರ್ಡೇಶ್ವರದ ಪಡುವಣಕ್ಕೆ, ಹದಿನೆಂಟು ಮಾರು ಆಳದಲ್ಲಿ ಬಿದ್ದಿತ್ತು. ಇಳಿಯುವವನು ಭಟ್ಕಳದವನು, ಮುಂಬಯಿಯ ಹಡಗುಕಟ್ಟೆಯಲ್ಲಿ ಪಳಗಿದ ಮುಳುಗುಗಾರ. ಅವನಿಗೆ ಹಿತ್ತಾಳೆಯ ಶಿರಸ್ತ್ರಾಣ ತೊಡಿಸಿ, ದೋಣಿಯ ಮೇಲಿನ ಪಂಪಿನಿಂದ ಇಬ್ಬರು ಗಾಳಿ ಒತ್ತುತ್ತಿದ್ದರು. ಹೊನ್ನಾವರದ ಮುದುಕ ಬೆಸ್ತರೊಬ್ಬರು ಅವನ ಹಗ್ಗ ಹಿಡಿಯುತ್ತಿದ್ದರು.

ನನ್ನ ಕೆಲಸ ದಫ್ತರ ಬರೆಯುವುದು. ಎಷ್ಟು ಆಳ, ಎಷ್ಟು ಹೊತ್ತು ಎಂದು ನಮೂದಿಸಿ, ಅವನು ಮೇಲೆ ಬರುವಾಗ ನೀರಿನ ನಡುವೆ ಎಷ್ಟು ನಿಮಿಷ ನಿಲ್ಲಬೇಕೆಂದು ಇಂಗ್ಲಿಷ್ ಕೋಷ್ಟಕ ನೋಡಿ ಹೇಳಬೇಕು. ಯಾಕೆ ನಿಲ್ಲಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಕೋಷ್ಟಕದಲ್ಲಿ ‘ಬಾಟಮ್ ಟೈಮ್’ ಎಂದಿತ್ತು. ತಳದಲ್ಲಿ ಕಳೆದ ಹೊತ್ತು ಎಂದುಕೊಂಡು, ತಳ ಮುಟ್ಟಿದೆನೆಂದು ಅವನು ಹಗ್ಗ ಜಗ್ಗಿದ ಮೇಲೆ ಗಡಿಯಾರ ನೋಡತೊಡಗಿದೆ. ನಾಲ್ಕು ದಿನ ಏನೂ ಆಗಲಿಲ್ಲ.

ಐದನೆಯ ದಿನ ಅವನಿಗೆ ಕಿವಿ ನೋವು. ಇಳಿಯುತ್ತ ನಡುವೆ ಬಹಳ ಹೊತ್ತು ನಿಂತ. ತಳದಲ್ಲಿ ಇಪ್ಪತ್ತೈದು ನಿಮಿಷ ಕೆಲಸ ಮಾಡಿದ. ನಾನು ಇಪ್ಪತ್ತೈದು ಬರೆದು, ಸ್ವಲ್ಪವೇ ನಿಲ್ಲಿಸಿ ಮೇಲೆ ಕರೆಸಿದೆ. ಊಟ ಮಾಡುತ್ತ ಅವನು ಭುಜ ಹಿಡಿದುಕೊಂಡ.

“ಎಂತ ಆತು?” ಎಂದರು ಹಗ್ಗದ ಮುದುಕರು.

“ಎಲುಬಿನ ಒಳಗೆ ಕೊರ್ದಂಗೆ ಆಗ್ತದೆ,” ಎಂದು ನನ್ನ ಕಡೆ ತಿರುಗಿದ. “ನೀವು ಎಲ್ಲಿಂದ ಎಣಿಸಿದ್ರಿ?”

ಹೇಳಿದೆ. ಅವನು ಊಟದ ತಟ್ಟೆ ಸರಿಸಿದ. ನೀರಿನಲ್ಲಿ ಮುಳುಗಿದ ಕ್ಷಣದಿಂದಲೇ ಎಣಿಸಬೇಕಂತೆ. ಕೋಷ್ಟಕ ತಿರುಗಿಸಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅದೇ ಇತ್ತು.

“ನನ್ನ ಮತ್ತೆ ಕೆಳಗೆ ಬಿಡಿ,” ಎಂದ ಅವನು.

ನೀರಿನಿಂದಲೇ ಬಂದ ನೋವಿಗೆ ಮತ್ತೆ ನೀರೇ ಮದ್ದೆ? ನನಗೆ ತಲೆಬುಡ ತಿಳಿಯಲಿಲ್ಲ. ಆಸ್ಪತ್ರೆಗೆ ಹೋಗೋಣವೆಂದೆ. ಮುದುಕರು ಕೇಳದೆ ಶಿರಸ್ತ್ರಾಣ ತಿರುಪಿದರು. ಹತ್ತು ಮಾರು ಇಳಿದು ಅವನು ಹಗ್ಗ ಜಗ್ಗಿದ, ನೋವು ಹೋಯಿತೆಂದು. ಆಳದ ಒತ್ತಡಕ್ಕೆ ಮೈಯಲ್ಲಿ ಸೇರಿದ ಗಾಳಿ, ಬೇಗ ಮೇಲೆ ಬಂದರೆ ಗುಳ್ಳೆಯಾಗಿ ಕೀಲು ಹಿಡಿಯುತ್ತದೆ, ಮತ್ತೆ ಇಳಿದರೆ ಕರಗುತ್ತದೆ ಎಂದು ನನಗೆ ತಿಳಿದದ್ದು ಬಹಳ ದಿನದ ಮೇಲೆ. ಆಮೇಲೆ ಅವನನ್ನು ಮೇಲೆ ತರಲು ಸಂಜೆಯವರೆಗೆ ಹಿಡಿಯಿತು. ಪಂಪು ಒತ್ತಲು ನಾನೂ ಕೈಹಾಕಿದೆ. ನಿಮಿಷ ಎಣಿಸಲು ಮಾತ್ರ ಧೈರ್ಯವಾಗಲಿಲ್ಲ. ಗಡಿಯಾರ ಮುದುಕರ ಕೈಯಲ್ಲಿಟ್ಟೆ.

ದಫ್ತರದಲ್ಲಿ ಇಪ್ಪತ್ತೈದೇ ಇರಲಿ ಎಂದರು ಗುತ್ತಿಗೆದಾರರು. ನಾನು ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಮೂವತ್ತೆಂಟು ಬರೆದು ಸಹಿ ಮಾಡಿದೆ. ಆದರೆ ಅದೂ ಊಹೆಯೇ. ಅವನು ನಡುವೆ ನಿಂತದ್ದು ಎಷ್ಟು ಹೊತ್ತೆಂದು ನಾನು ನೋಡಿರಲಿಲ್ಲ. ಹತ್ತು ನಿಮಿಷವೆಂದರು ಮುದುಕರು, ಮರುದಿನ ಹದಿನೈದೆಂದರು.

ಮಳೆಗಾಲಕ್ಕೆ ಕೆಲಸ ನಿಂತಿತು. ಭಟ್ಕಳಕ್ಕೆ ಹೋಗಿ ಅವನನ್ನು ನೋಡಿದೆ. ನೋವು ಹೋಗಿದ್ದರೂ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ.

“ತಪ್ಪು ನನ್ನದು,” ಎಂದೆ.

“ಮೊದಲಿನ ನಾಲ್ಕು ದಿನವೂ ನೀವು ಹಂಗೇ ಎಣಿಸಿದ್ರಲ್ಲ, ಆಗ ಎಂತಕ್ಕೆ ನೋಯಲಿಲ್ಲ? ಕಿವಿ ಸರಿ ಇಲ್ದೆ ಇಳಿದವ ನಾನು. ಯಾರದ್ದು ಅಂತ ಹೇಳೂದು, ಮಾರಾಯ್ರೆ?”

ಅವನು ನನ್ನನ್ನು ಸಮಾಧಾನಪಡಿಸಿದನೋ, ನಿಜವಾಗಿ ಕೇಳಿದನೋ ತಿಳಿಯಲಿಲ್ಲ. ಎಡಗೈಯಲ್ಲೇ ಚಹಾ ತಂದುಕೊಟ್ಟ. ಕುಡಿದು ಬಸ್ಸು ಹತ್ತಿದೆ.