ಪಾಸ್ಕಲ್ ಲೋಬೊ ಮತ್ತು ಹನ್ನೊಂದನೆಯ ನಿಯಮ

ದೋಹಾದ ಕರಾವಳಿ ಕನ್ನಡಿಗರ ಸಂಘಜೀವನದಲ್ಲಿ ಶ್ರೀ ಪಾಸ್ಕಲ್ ಲೋಬೊ ಅವರಿಗೆ ಸಲ್ಲಬೇಕಾದ ಅಗ್ರಸ್ಥಾನದ ಬಗ್ಗೆ ಯಾರಿಗೂ ತಕರಾರಿಲ್ಲ, ಇದ್ದರೆ ಅವರೊಬ್ಬರಿಗೇ. ಕಟ್ಟಡ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತರಾಗಿ, ನಮ್ಮ ಸಂಘದಲ್ಲಿ ಹನ್ನೆರಡು ವರ್ಷ ಅಧ್ಯಕ್ಷರಾಗಿ ದುಡಿದು, ಈ 2009ರ ಜೂನ್‌ನಲ್ಲಿ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನಾ ಸಂಪುಟದ ಈ ಲೇಖನಕ್ಕೆ ವಿವರ ಕೇಳಲು ಹೋದಾಗ ಅವರೆಂದದ್ದು ಇಷ್ಟೇ: "ಹೊಗಳಿಕೆ ಬೇಡ ಮಾರಾಯ್ರೆ. ದುಗ್ಗುವಿನ ಸಂಗತಿ ಬರೆಯಿರಿ."

ಅಲ್ ಹಿಲಾಲ್ ಬಡಾವಣೆಯ ಅವರ ಮನೆಯ ಊಟದ ಮೇಜು ಊಟಕ್ಕಿಂತ ಅರ್ಜಿಗಳನ್ನೇ ಹೆಚ್ಚು ಕಂಡಿದೆ ಎಂದು ಪತ್ನಿ ಜರ್ಟ್ರೂಡ್ ಅವರು ಗೊಣಗುವುದುಂಟು. ನರ್ಸ್ ಲೀಲಾಕ್ಷಿಯವರ ಪ್ರಮಾಣಪತ್ರಕ್ಕಾಗಿ ಲೋಬೊ ಅವರು ಮೂರು ದಿನ ರಜೆ ಹಾಕಿ ಬಿಸಿಲಲ್ಲಿ ಸರತಿ ನಿಂತರು. ಸಂಘದ ನಿಯಮಾವಳಿಯೂ ಸಿದ್ಧವಾದದ್ದು ಅದೇ ಮೇಜಿನ ಮೇಲೆ. ತುರ್ತು ಸಂದರ್ಭದಲ್ಲಿ ಅಧ್ಯಕ್ಷರು ಸಮಿತಿಯನ್ನು ಕೇಳದೆ ನಿರ್ಧರಿಸಬಹುದು ಎನ್ನುವುದು ಅದರ ಹನ್ನೊಂದನೆಯ ನಿಯಮ. ಅದನ್ನು ಬರೆದವರೂ ತಾವೇ, ಎಂದೂ ಬಳಸದವರೂ ತಾವೇ ಎಂಬ ಹೆಮ್ಮೆ ಅವರಿಗಿತ್ತು.

2005ರ ನವೆಂಬರ್. ಗಾರೆ ಕೆಲಸದ ದುಗ್ಗು ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪಿನಿಂದ ಲೋಬೊ ಅವರ ಮನೆಗೆ ಓಡಿಬಂದ. ಮುಲ್ಕಿಯಲ್ಲಿ ತಾಯಿ ಸಾಯುವ ಸ್ಥಿತಿಯಲ್ಲಿದ್ದರು; ಇಲ್ಲಿನ ಕಾನೂನಿನಂತೆ ದೇಶ ಬಿಡಲು ಮಾಲೀಕರ ಸಹಿ ಬೇಕಿತ್ತು; ಮೇಲ್ವಿಚಾರಕ ಅರ್ಜಿಯನ್ನು ಮುಂದಕ್ಕೇ ಕಳಿಸಿರಲಿಲ್ಲ. ಮಾಲೀಕರು ಅಬ್ದುಲ್ಲಾ. ನಮ್ಮ ರಾಜ್ಯೋತ್ಸವಕ್ಕೆ ಪ್ರತಿವರ್ಷ ಸಭಾಂಗಣ ಕೊಡುತ್ತಿದ್ದವರೂ ಅವರೇ.

"ಈಗ ಕೇಳಿ ಅವರ ಮೂಡ್ ಹಾಳಾದರೆ ಹಾಲ್ ಖಲಾಸ್. ಪ್ರೋಗ್ರಾಮ್ ಆಗಲಿ, ಮತ್ತೆ ನೋಡುವ," ಎಂದರು ಸಮಿತಿ ಸಭೆಯಲ್ಲಿ ಕಾರ್ಯದರ್ಶಿ ಹ್ಯೂಬರ್ಟ್. ಲೋಬೊ ಅವರು ವಿಷಯವನ್ನು ಮತಕ್ಕೆ ಹಾಕಿದರು. ಹನ್ನೆರಡು ಮಂದಿಯಲ್ಲಿ ಒಂಬತ್ತು ಜನ ಹ್ಯೂಬರ್ಟರ ಪರ ಕೈ ಎತ್ತಿದೆವು. ಮೊದಲು ಎದ್ದದ್ದು ಅಧ್ಯಕ್ಷರ ಕೈ.

ಎರಡು ವಾರದ ನಂತರ ರಾಜ್ಯೋತ್ಸವ ಭರ್ಜರಿಯಾಗಿ ನಡೆಯಿತು. ಮರುದಿನ ಬೆಳಿಗ್ಗೆ ಲೋಬೊ ಅವರು ಅಬ್ದುಲ್ಲಾ ಅವರ ಎದುರು ಅರ್ಜಿ ಇಟ್ಟರು. ಅವರು ನಿಂತಲ್ಲೇ ಸಹಿ ಹಾಕಿ, ಇಷ್ಟಕ್ಕೆ ಒಂದು ಫೋನ್ ಮಾಡಬಾರದಿತ್ತೇ ಎಂದು ಹಿಂದಿಯಲ್ಲಿ ಕೇಳಿದರು. ಮಧ್ಯಾಹ್ನ ಕ್ಯಾಂಪಿಗೆ ಹೋದರೆ ದುಗ್ಗು ಆ ಕಾಗದವನ್ನು ಕೈಗೇ ತೆಗೆದುಕೊಳ್ಳಲಿಲ್ಲ. "ನಿನ್ನೆ ಸಂಜೆ ಹೋದ್ರು ಸರ್. ಬೆಳಿಗ್ಗೆಯೇ ಸುಟ್ಟಾಯ್ತು. ಇನ್ನು ಇದು ಎಂತಕ್ಕೆ?"

ಅಂದಿನಿಂದ ಲೋಬೊ ಅವರು ವೇದಿಕೆಯ ಮೇಲೆ ಕೂತದ್ದನ್ನು ನಾವು ಕಾಣೆವು. ಮೂರು ಬಾರಿ ರಾಜೀನಾಮೆ ಕೊಟ್ಟರು. ಮೂರು ಬಾರಿಯೂ ನಾವು ಬಹುಮತದಿಂದ ತಿರಸ್ಕರಿಸಿದೆವು. "ಅಧಿಕಾರದ ಆಸೆ ಕೆಟ್ಟದ್ದು ಅಂತ ಎಲ್ಲರೂ ಹೇಳ್ತಾರೆ," ಎಂದರು ಒಮ್ಮೆ. "ಅಧಿಕಾರ ಇದ್ದೂ ಹೆದರಿದವನ ಸುದ್ದಿ ಯಾರೂ ಹೇಳುದಿಲ್ಲ. ಮತಕ್ಕೆ ಹಾಕಿದ್ದು ಪ್ರಜಾಪ್ರಭುತ್ವಕ್ಕಲ್ಲ, ತಪ್ಪು ಹಂಚಿಕೊಳ್ಳಲಿಕ್ಕೆ." ಸಮಾಧಾನ ಹೇಳುವ ಯೋಗ್ಯತೆ ನಮಗಿರಲಿಲ್ಲ.

ಈ ಲೇಖನ ಸಂಪುಟಕ್ಕೆ ಶೋಭೆಯಲ್ಲವೆಂದು ಸಮಿತಿ ಕಳೆದ ಶುಕ್ರವಾರ ಹನ್ನೊಂದಕ್ಕೆ ಒಂದು ಮತದಿಂದ ನಿರ್ಧರಿಸಿತು. ಬರೆದ ನಾನೂ ಬೇಡವೆಂದೇ ಕೈ ಎತ್ತಿದೆ. ಲೋಬೊ ಅವರು ಹಸ್ತಪ್ರತಿಯನ್ನು ಮಡಚಿಟ್ಟುಕೊಂಡು, ಮರುದಿನ ತಾವೇ ಮುದ್ರಣಕ್ಕೆ ಕೊಟ್ಟು ಬಂದರು. ಈ ಕೊನೆಯ ಪ್ಯಾರಾವನ್ನು ನಾನು ಆಮೇಲೆ ಮುದ್ರಣಾಲಯಕ್ಕೆ ಹೋಗಿ ಸೇರಿಸಿದ್ದು. ಅವರಿಗೆ ದೀರ್ಘಾಯುಸ್ಸು ಸಿಗಲಿ, ಆ ಮೇಜಿನ ಮೇಲೆ ಅರ್ಜಿಗಳು ಇನ್ನೂ ಬರೆಯಲ್ಪಡಲಿ. ಹನ್ನೆರಡು ವರ್ಷಗಳಲ್ಲಿ ಹನ್ನೊಂದನೆಯ ನಿಯಮವನ್ನು ಅವರು ಬಳಸಿದ್ದು ಇದೊಂದೇ ಸಲ.