ಡ್ರೈವರಣ್ಣ ಒಳಗಿರದ ಹೊತ್ತು

ಒಂದು ನಿಮಿಷ ತಾಳಿ, ಝಾಂಬಿ ಬರುತ್ತದೆ. ಆದರೆ ಕುತ್ತಿಗೆ ಸೊಟ್ಟ ಮಾಡಿಕೊಂಡು, ಬಾಯಲ್ಲಿ ರಕ್ತ ಸುರಿಸಿಕೊಂಡು ಓಡಿಬರುವ ಸಿನೆಮಾದ ಜಾತಿಯದ್ದಲ್ಲ. ಅದಕ್ಕೆ ನಾನು ಹೆದರುವುದೇ ಇಲ್ಲ. ನಾನು ಹೆದರುವ ಜಾತಿ ಬೇರೆ. ಅದು ಬರುವ ತನಕ ಎದ್ದು ಹೋಗಬೇಡಿ.

ಮೊನ್ನೆ ತುಂಬಾ ದಿನದ ಮೇಲೆ ಕುಂದಾಪುರದ ಬಸ್ಸು ಹತ್ತಿದೆ. ಇಂಜಿನ್ ಪೆಟ್ಟಿಗೆಯ ಬಿಸಿ ರೆಕ್ಸಿನ್, ಡೀಸೆಲ್, ದೇವರ ಪಟದ ಮಲ್ಲಿಗೆ, ಆಗಷ್ಟೇ ಹಚ್ಚಿದ ಊದುಬತ್ತಿ... ಎಲ್ಲ ಒಟ್ಟಾದ ಆ ವಾಸನೆ ಮೂಗಿಗೆ ಬಡಿದದ್ದೇ, ಎದುರಿನ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಸ್ಟೇರಿಂಗ್ ಹಿಂದೆ ಇದ್ದದ್ದು ಯಾರೋ ಹೊಸ ಹುಡುಗ. ನನಗೆ ಕಂಡದ್ದು ಡ್ರೈವರಣ್ಣ.

ಡ್ರೈವರಣ್ಣನ ಮನೆ ಸಾಲಿಗ್ರಾಮದಲ್ಲಿ, ನಮ್ಮ ಮನೆಯ ಹತ್ತಿರವೇ. ನಾನು ಕುಂದಾಪುರದಲ್ಲಿ ಬಿ.ಕಾಂ. ಓದುವಾಗ ದಿನಾ ಹೋಗುತ್ತಿದ್ದದ್ದು ಅವರ ಬಸ್ಸಿನಲ್ಲಿ. ಹೆಂಗಸರ ಸೀಟಿನಲ್ಲಿ ತೀರಾ ಮುಂದಿನದ್ದು ನನ್ನದು. ಕೂತದ್ದೇ ಫೋನಿನಲ್ಲಿ ಝಾಂಬಿ ಸಿನೆಮಾ ಶುರು.

“ಎಂತ ಹೆಣ್ಣೆ, ಬೆಳಿಗ್ಗೆ ಬೆಳಿಗ್ಗೆ ಹೆಣ ಓಡ್ಸುದಾ?” ಎನ್ನುತ್ತಿದ್ದರು.

“ಹೆಣ ಅಲ್ಲ ಅಣ್ಣ, ಝಾಂಬಿ. ಸತ್ತ್ ಮೇಲೂ ಓಡತ್ತ್.”

“ನಾವ್ ಬದ್ಕಿಪ್ಪತಿಗೇ ಟೈಮಿಗ್ ಸಮಾ ಓಡುಕ್ ಆತಿಲ್ಲೆ ಮಾರಾಯ್ತಿ!”

ಅವರು ಕೇಳುತ್ತಾರೆ ಅಂತಾದರೆ ನನಗೆ ಹೇಳದೆ ಇರಲಿಕ್ಕೆ ಆಗುತ್ತಿರಲಿಲ್ಲ. ಯಾರೂ ಕಲಿಸಿದ್ದಲ್ಲ, ಫೋನಿನಲ್ಲೇ ಓದಿ ಓದಿ ತಲೆಗೆ ಹತ್ತಿಸಿಕೊಂಡದ್ದು. ತತ್ವಶಾಸ್ತ್ರದವರ ಹತ್ತಿರ ಇನ್ನೊಂದು ಝಾಂಬಿ ಇದೆ. ಅದು ನೋಡಲಿಕ್ಕೆ ಥೇಟ್ ನಮ್ಮ ಹಾಗೆ. ನಗುತ್ತದೆ, ಊಟ ಮಾಡುತ್ತದೆ, ಚಿವುಟಿದರೆ “ಅಯ್ಯೋ” ಎನ್ನುತ್ತದೆ. ಆದರೆ ಆ ನೋವನ್ನು ಅನುಭವಿಸುವವರು ಒಳಗೆ ಯಾರೂ ಇಲ್ಲ. ಹೊರಗಿನಿಂದ ಏನು ಪರೀಕ್ಷೆ ಮಾಡಿದರೂ ಗೊತ್ತಾಗುವುದಿಲ್ಲ. ಅಂಥದ್ದು ಎಲ್ಲೋ ಇದೆ ಎಂದು ಅವರು ಹೇಳುವುದಲ್ಲ. ಅಂಥದ್ದನ್ನು ಊಹಿಸಲಿಕ್ಕಾದರೂ ಆಗುತ್ತದಲ್ಲ, ಹಾಗಾದರೆ ನಮ್ಮ ಒಳಗೆ ‘ನಾನು’ ಅಂತ ಕೂತಿರುವುದು ಏನು? ಅದು ಅವರ ಪ್ರಶ್ನೆ.

“ನಮ್ ಕಂಡಕ್ಟ್ರ್ ಅದೇ ಜಾತಿ ಕಾಣ್,” ಎಂದರು ಡ್ರೈವರಣ್ಣ. “ಇಡೀ ದಿನ ‘ಹಿಂದ್ ಬನಿ, ಹಿಂದ್ ಬನಿ’. ಹಿಂದೆ ಜಾಗ ಇತ್ತಾ ಇಲ್ಯಾ ಕಾಂಬುದೇ ಇಲ್ಲೆ.”

“ಹ್ವಾಯ್, ನಂಗ್ ಕೇಂತ್ ಅಕಾ!” ಎಂದು, ಅದು ಕಿವಿಗೆ ಬಿದ್ದ ಕಂಡಕ್ಟರ್ ಹಿಂದಿನ ಬಾಗಿಲಿನಿಂದ ಕೂಗಿದ. ಬಸ್ಸಿಗೆ ಬಸ್ಸೇ ನಕ್ಕಿತು.

ಕೆಲವು ದಿನ ಬಿಟ್ಟು ಅವರೇ ಆ ಮಾತು ತೆಗೆದರು. “ಹೆಣ್ಣೆ, ನಿನ್ನ್ ಆ ಎರಡ್ನೇ ನಮೂನಿ ಝಾಂಬಿ ಇತ್ತಲೆ, ಅದ್ಕೆ ತಾನ್ ಝಾಂಬಿ ಅಂದೇಳಿ ಗೊತ್ತಾತ್ತಾ?”

“ಗೊತ್ತಾಪುಕೆ ಒಳ್ಗ್ ಯಾರಾರೂ ಇರ್ಕಲೆ ಅಣ್ಣ!” ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಕುಂಭಾಶಿಯಲ್ಲಿ ಆನೆಗುಡ್ಡೆ ದೇವಸ್ಥಾನಕ್ಕೆ ಹೋಗುವ ದ್ವಾರ ಬಂತೆಂದರೆ ಬಸ್ಸಿನಲ್ಲಿದ್ದವರ ಕೈಯೆಲ್ಲ ಹಣೆಗೆ, ಎದೆಗೆ ಹೋಗುತ್ತದೆ. ಮಾತಾಡುತ್ತಿದ್ದವರು ಮಾತು ನಿಲ್ಲಿಸದೆಯೇ ಮುಟ್ಟಿಕೊಳ್ಳುತ್ತಾರೆ. ಡ್ರೈವರಣ್ಣ ಒಮ್ಮೆ ಚಿಕ್ಕದಾಗಿ ಹಾರ್ನ್ ಹೊಡೆದು ಬಲಗೈ ಎತ್ತಿ ಮುಗಿಯುತ್ತಿದ್ದರು. ಆ ದಿನವೂ ಎತ್ತಿದರು, ನಾನೇ ನೋಡಿದೆ. ಎದುರಿದ್ದ ಲಾರಿಯನ್ನು ಚಂದ ಮಾಡಿ ಹಿಂದೆ ಹಾಕಿದರು. ಕೋಟೇಶ್ವರ ಹತ್ತಿರ ಬರುವಾಗ ನನ್ನ ಕಡೆ ತಿರುಗಿ, “ಕುಂಭಾಶಿ ಬಂತಾ?” ಎಂದರು.

“ಆಗ್ಳೇ ದಾಟ್ತಲೆ! ನೀವ್ ಕೈ ಮುಗ್ದ್ರಿ.”

“ನಾ ಮುಗಿಲಿಲ್ಲೆ.” ಅವರ ಸ್ವರ ಸಣ್ಣದಾಯಿತು. “ತೆಕ್ಕಟ್ಟೆ ತನ್ಕ ನಂಗ್ ನೆನ್ಪಿತ್ತ್. ಅಲ್ಲಿಂದ ಇಲ್ಲಿವರಿಗೆ ಬಸ್ ಬಿಟ್ಟದ್ ಯಾರ್ ಹೆಣ್ಣೆ?”

ನನ್ನ ಹಿಂದೆ ಬಸ್ಸು ತುಂಬಾ ಜನ. ಮೀನಿನ ರೇಟು, ಮದುವೆಯ ಸೀರೆ, ಯಾರದೋ ಸೊಸೆಯ ಸುದ್ದಿ... ಅವರಿಗೆ ಯಾರಿಗೂ ಇದು ಕೇಳಿಸಲಿಲ್ಲ.

ಇದು ಮೊದಲ ಸಲವಲ್ಲವಂತೆ. ಮನೆಯಲ್ಲೂ ಕೂತಲ್ಲೇ, ಬಾಯಲ್ಲಿ ಏನೂ ಇಲ್ಲದೆ ಅಗಿಯುತ್ತಾ ಇರುತ್ತಾರೆ, ಕರೆದರೆ ಮಾತಿಲ್ಲ ಎಂದು ಅವರ ಹೆಂಡತಿ ಹೇಳಿದ್ದರಂತೆ. ನಾಳೆಯಿಂದಲೇ ಬಸ್ಸು ಓಡಿಸಬೇಡಿ, ಡಾಕ್ಟರಿಗೆ ತೋರಿಸಿ ಎಂದು ಹಟ ಹಿಡಿದೆ.

“ಬದ್ಲಿ ಡ್ರೈವರ್ ಇಲ್ಲೆ. ಆಯ್ತಾರ ಖಂಡಿತ ಹೋತೆ. ಅಲ್ಲಿವರಿಗೆ ನೀ ಮಾತಾಡ್ತಾ ಇರ್. ನಾ ಉತ್ರ ಕೊಡ್ದಿದ್ರೆ ಬೊಬ್ಬೆ ಹಾಕ್.”

ಫೋನು ಚೀಲದೊಳಗೆ ಹೋಯಿತು. ಆಮೇಲೆ ನಾನು ನೋಡಿದ್ದು ಅವರ ಮುಖ ಮಾತ್ರ. ಏನಾದರೂ ಕೇಳುವುದು, ಅವರು “ಹ್ಞೂಂ” ಎನ್ನುವುದು. ಆದರೆ ಆ “ಹ್ಞೂಂ” ಹೇಳಿದ್ದು ಯಾರು ಅಂತ ನನಗೆ ಹೇಗೆ ಗೊತ್ತಾಗಬೇಕು? ಅವರಿಲ್ಲದೆಯೇ ಕೈ ಮುಗಿದ ದೇಹಕ್ಕೆ “ಹ್ಞೂಂ” ಎನ್ನಲಿಕ್ಕೆ ಬಾರದಾ? ಸಿನೆಮಾದ ಝಾಂಬಿಯಾದರೆ ದೂರದಿಂದಲೇ ಕಾಣುತ್ತದೆ. ಓಡಿ ತಪ್ಪಿಸಿಕೊಳ್ಳಬಹುದು. ಇಲ್ಲಿ ನಾನು ಅದರ ಪಕ್ಕದಲ್ಲೇ ಕೂತು, ಊಟಕ್ಕೆ ಎಂತ ಪದಾರ್ಥ ಅಂತ ಕೇಳುತ್ತಿದ್ದೆ.

ಆದಿತ್ಯವಾರ ಬರಲಿಲ್ಲ, ಅದಕ್ಕಿಂತ ಮೊದಲೇ ಆ ಬೆಳಿಗ್ಗೆ ಬಂತು. ಕುಂಭಾಶಿ ದಾಟಿದ ಮೇಲೆ, ಹಿಂದಿನ ದಿನದವರೆಗೆ ನೇರ ಇದ್ದ ರಸ್ತೆಗೆ ಕೆಂಪು ಬಿಳಿ ಡ್ರಮ್ಮು ಅಡ್ಡ ಇಟ್ಟು, ವಾಹನಗಳನ್ನು ಪಕ್ಕಕ್ಕೆ ತಿರುಗಿಸಿದ್ದರು. ಡ್ರಮ್ಮಿನ ಆಚೆ ಅಗೆದ ಗುಂಡಿ. ನಾನು ಏನೋ ಕೇಳಿದೆ, ಉತ್ತರ ಬರಲಿಲ್ಲ. ನೋಡಿದರೆ ಡ್ರೈವರಣ್ಣನ ಬಾಯಿ ಮೆಲ್ಲ ಮೆಲ್ಲ ಅಗಿಯುತ್ತಾ ಇತ್ತು. ಕಣ್ಣು ತೆರೆದೇ ಇತ್ತು. ಕೈ ಸ್ಟೇರಿಂಗನ್ನು ಒಂದು ಚೂರು ಸರಿಮಾಡಿಕೊಂಡಿತು, ನಿನ್ನೆಯ ರಸ್ತೆಗೆ ಬೇಕಾದ ಹಾಗೆ. ಆಗ ನನಗೆ ಅರ್ಥವಾಯಿತು. ಆ ಕೈಗೆ ಗೊತ್ತಿದ್ದದ್ದು ದಿನಾ ಹೋಗುವ ದಾರಿ ಮಾತ್ರ. ಇವತ್ತಿನ ದಾರಿ ನೋಡಬೇಕಾದವರು ಅಲ್ಲಿ ಇರಲಿಲ್ಲ.

“ಡ್ರೈವರಣ್ಣ!”

ಇಂಜಿನ್ ಪೆಟ್ಟಿಗೆಯ ಮೇಲೆ ಹಾರಿ ಅವರ ಭುಜ ಹಿಡಿದು ಅಲುಗಾಡಿಸಿದೆ. ಭುಜ ಬೆಚ್ಚಗೇ ಇತ್ತು... ಅದೇ ಹೆಚ್ಚು ಹೆದರಿಕೆ. ನನ್ನ ಬೊಬ್ಬೆಗೆ ಕಂಡಕ್ಟರ್ ಓಡಿ ಬಂದು ಸ್ಟೇರಿಂಗಿಗೇ ಕೈ ಹಾಕಿ ಎಳೆದ. ಡ್ರಮ್ಮುಗಳು ಹಾರಿದವು. ಬಸ್ಸು ಗುಂಡಿ ತಪ್ಪಿಸಿ ಮಣ್ಣಿನ ರಾಶಿಗೆ ನುಗ್ಗಿ, ಓರೆಯಾಗಿ ನಿಂತಿತು. ಹೆಂಗಸರು ಒಬ್ಬರ ಮೇಲೆ ಒಬ್ಬರು ಬಿದ್ದರು. ಒಬ್ಬ ಅಜ್ಜಿಯ ತುಟಿ ಒಡೆಯಿತು. ಬೇರೆ ಯಾರಿಗೂ ಏನೂ ಆಗಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಡ್ರೈವರಣ್ಣ ತಮ್ಮ ಮುಖಕ್ಕೆ ವಾಪಸ್ಸು ಬಂದರು. ಅದನ್ನು ನಾನು ಹೀಗಲ್ಲದೆ ಬೇರೆ ಹೇಗೂ ಹೇಳಲಾರೆ. “ಎಂತಾಯ್ತ್? ಬಸ್ ಯಾರ್ ನಿಲ್ಸದ್?”

“ಬೆಳಿಗ್ಗೆಯೇ ಹಾಕಂಡ್ ಬಂದಿದ, ಕಾಣಿ ಅವ್ನ್ ಕಣ್ಣ್!” ಎಂದು ಯಾರೋ ಬೈದರು. ಕಂಡಕ್ಟರ್ ಡ್ರೈವರಣ್ಣನ ಕಿವಿಯ ಹತ್ತಿರ ಬಗ್ಗಿ, “ನಿದ್ದಿ ಬಂತ್ ಅಂದೇಳಿ ಹೇಳಿ ಅಣ್ಣ. ನಾಕ್ ದಿನ ಮನೆಲ್ ಕೂಕಂಡ್ ಮತ್ತೆ ಬಪ್ಪುಕ್ ಆತ್ತ್,” ಎಂದ.

ಡ್ರೈವರಣ್ಣ ನನ್ನನ್ನೂ, ಆ ಅಜ್ಜಿಯ ತುಟಿಯನ್ನೂ ನೋಡಿದರು.

“ನಿದ್ದಿ ಅಲ್ಲ. ನಾ ಒಳ್ಗ್ ಇರ್ಲಿಲ್ಲೆ. ಈ ಹೆಣ್ಣ್ ಕಂಡಿತ್. ಇನ್ನ್ ನಾ ಸ್ಟೇರಿಂಗ್ ಮುಟ್ಟುದಿಲ್ಲೆ.”

ಮುಟ್ಟಲಿಲ್ಲ. ಅದು ಒಂದು ಬಗೆಯ ಫಿಟ್ಸ್, ಬಿದ್ದು ಒದ್ದಾಡುವುದಿಲ್ಲ, ಎಚ್ಚರ ಮಾತ್ರ ಸ್ವಲ್ಪ ಹೊತ್ತು ಹೋಗುತ್ತದೆ ಎಂದರು ಡಾಕ್ಟರು. ಮಾತ್ರೆಯಿಂದ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಡ್ರೈವರಣ್ಣ ಮನೆಯ ಮೆಟ್ಟಿಲ ಮೇಲೆ ಕೂತು ಹೈವೇಯ ಹಾರ್ನ್ ಕೇಳಿಯೇ ಯಾವ ಬಸ್ಸು ಅಂತ ಹೇಳುತ್ತಿದ್ದರು. ಕಳೆದ ವರ್ಷ ಒಂದು ಬೆಳಿಗ್ಗೆ ಅವರು ಏಳಲಿಲ್ಲ. ಮಲಗಿದಲ್ಲೇ ಜೋರು ಫಿಟ್ಸ್ ಬಂದಿರಬೇಕು ಎಂದರು ಡಾಕ್ಟರು...

ಉತ್ತರಕ್ರಿಯೆ, ಬೊಜ್ಜ ಎಲ್ಲ ಮುಗಿದ ಮೇಲೆ ಅವರ ಹೆಂಡತಿ, ನಾನು ಅತ್ಗಿ ಎನ್ನುವವರು, ನನ್ನನ್ನು ಒಳಗೆ ಕರೆದು ಕೂರಿಸಿದರು.

“ಹೆಣ್ಣೆ, ನೀ ಅದೆಲ್ಲ ಓದಿದವ್ಳ್. ಆ ಹೊತ್ತಲ್ ಅವ್ರಿಗ್ ಸಂಕ್ಟ ಗೊತ್ತಾಯಿಪ್ಪುದಾ?”

“ಇಲ್ಲೆ ಅತ್ಗಿ. ಆ ಹೊತ್ತಿಗೆ ಅವ್ರ್ ಅಲ್ಲಿ ಇಪ್ಪುದೇ ಇಲ್ಲೆ.”

ಅವರು ಸೆರಗಿನಿಂದ ಮುಖ ಒರೆಸಿಕೊಂಡು, “ಅಷ್ಟಾರೆ ಸಾಕ್,” ಎಂದರು. ಬಸ್ಸಿನಲ್ಲಿ ನನ್ನ ರಕ್ತ ತಣ್ಣಗೆ ಮಾಡಿದ ಮಾತನ್ನೇ ನಾನು ಅವರಿಗೆ ಸಮಾಧಾನ ಅಂತ ಕೊಟ್ಟು ಬಂದೆ. ಒಳಗೆ ಯಾರಾದರೂ ಇದ್ದಾರಾ ಇಲ್ಲವಾ ಎಂಬುದು ಹೊರಗಿನಿಂದ ನೋಡುವವರಿಗೆ ಯಾವತ್ತೂ ಗೊತ್ತಾಗುವುದಿಲ್ಲ ಅಂತ ಓದಿದವಳೂ ನಾನೇ.

ಈಗ ಡ್ರೈವರಣ್ಣ ಇಲ್ಲ, ಕೇಳೋಣವೆಂದರೆ. ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಹಾಗೆ ಒಳಗಿಂದ ಹೋಗಿ ಬಂದವರು ಇದ್ದೀರಾ? ಅಲ್ಲಿ ಏನಾದರೂ ಇತ್ತಾ, ನೋವು, ಹೆದರಿಕೆ, ಏನಾದರೂ? ಇದ್ದದ್ದು ಇದ್ದ ಹಾಗೆ ಬರೆಯಿರಿ. ನಾನು ಹೇಳಿದ್ದು ಸುಳ್ಳು ಅಂತಾದರೂ ಬರೆಯಿರಿ. ಅತ್ಗಿಗೆ ನಾನು ಹೇಳುವುದಿಲ್ಲ.